ದುರ್ಗಿಯ ಎರಡನೆಯ ಕೊರಳು

ಗಂಜಿಯ ಬಟ್ಟಲು ಗೋಡೆಗೆ ಬಡಿದು ಜಗಲಿಯ ಮೇಲೆ ಉರುಳಿತು! ಬಿಸಿ ಅಗುಳು ಶ್ರೀಧರನ ಅಂಗಿಗೆ ಸಿಡಿಯಿತು. ಅಂಗಡಿಗೆ ಹೊರಟು ನಿಂತಿದ್ದವನಿಗೆ ಸಿಟ್ಟು ನೆತ್ತಿಗೇರಿತು.

“ಆಯಿ! ಎಂತ ಆತು ನಿಂಗೆ? ಎಂತ ಬೇಕು ಹೇಳು!”

ಅಂದದ್ದೇ ತಡ, ಅವನೇ ನಾಲಿಗೆ ಕಚ್ಚಿಕೊಂಡ. ಹೇಳು ಎಂದರೆ ಅವಳು ಹೇಗೆ ಹೇಳಿಯಾಳು? ಗಂಟಲಿನ ಕ್ಯಾನ್ಸರ್ ಹುಣ್ಣಿಗೆಂದು ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದು ನಾಲ್ಕು ತಿಂಗಳಾಗಿತ್ತು. ಕೊರಳಿನ ಬುಡದಲ್ಲಿ ಕಾಸಿನಗಲದ ಒಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಬಾಯಿ ಇತ್ತು, ನಾಲಿಗೆ ಇತ್ತು, ತುಟಿ ಇತ್ತು... ಸ್ವರವೊಂದು ಇರಲಿಲ್ಲ. ಬರೆದು ತೋರಿಸಲಿ ಎಂದು ಮಗ ಸ್ಲೇಟು ತಂದುಕೊಟ್ಟಿದ್ದ. ಶಾಲೆಯ ಮೆಟ್ಟಿಲು ಹತ್ತದ ದುರ್ಗಿ ಆ ಸ್ಲೇಟನ್ನು ಒಂದು ಗಳಿಗೆ ನೋಡಿ ಮಗುಚಿ ಇಟ್ಟಿದ್ದಳು.

ಈಗ ಅವಳು ಮಗನ ಮುಖ ನೋಡುತ್ತ ತುಟಿ ಆಡಿಸಿದಳು. ಅವನಿಗೆ ತಿಳಿಯಲಿಲ್ಲ. ಮತ್ತೆ ಆಡಿಸಿದಳು. “ಮೀನು ಬೇಕಾ? ಉಪ್ಪು ಸಾಲ್ದಾ?” ಎಂದ. ಅವಳು ಎರಡೂ ಕೈಯಿಂದ ಹಣೆ ಚಚ್ಚಿಕೊಂಡಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಕೊರಳಿನ ತೂತಿನಿಂದ ಬುಸ್ ಬುಸ್ ಎಂದು ಗಾಳಿ ಹೊರಟಿತು. ಅಳುವಿಗೂ ಸದ್ದಿಲ್ಲ! ಹೆತ್ತ ತಾಯಿ ಎದುರಿಗೆ ಕೂತು ಅಳುತ್ತಿದ್ದರೂ ಕಣ್ಣು ಮುಚ್ಚಿಕೊಂಡರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ!

“ಅಗುಳು ಇಳೀತಿಲ್ಲ ಅಂತ್ರು,” ಬಾಗಿಲಲ್ಲಿ ನಿಂತಿದ್ದ ಸೊಸೆ ವಿನುತಾ ಮೆಲ್ಲಗೆ ಹೇಳಿದಳು. “ಗಂಜಿ ಸೋಸಿ ಬರೀ ತೆಳಿ ಕೊಡೂಕೆ ಹೇಳ್ತಾ ಇದ್ರು.”

ದುರ್ಗಿ ಬೆರಗಾಗಿ ಸೊಸೆಯ ಕಡೆ ತಿರುಗಿದಳು. ಅದೇ ಮಾತು! ಆದರೆ ಅದರಲ್ಲಿ ಬೆರಗುಪಡುವಂಥದ್ದೇನಿರಲಿಲ್ಲ. ಏಳು ವರ್ಷ ಆ ಬಾಯಿಗೆ ಹೆದರಿ ಬದುಕಿದವಳಿಗೆ ಆ ಬಾಯಿಯ ಒಂದೊಂದು ತಿರುವೂ ಗೊತ್ತಿತ್ತು.

ಕುಮಟೆಯ ಬಳಿಯ ಹೊಳನಗದ್ದೆಯಲ್ಲಿ ದುರ್ಗಿಯ ಸ್ವರ ಕೇಳದವರಿರಲಿಲ್ಲ. ಗಂಡ ಬೀರಪ್ಪ ಎಳೆಯ ಪ್ರಾಯದಲ್ಲೇ ತೀರಿಕೊಂಡ ಮೇಲೆ ಒಂದು ತುಂಡು ಗದ್ದೆಯಲ್ಲಿ ಭತ್ತ, ಭತ್ತದ ನಂತರ ಈರುಳ್ಳಿ ಬೆಳೆದು ಮಗನನ್ನು ಸಾಕಿದವಳು. ಏಪ್ರಿಲ್ ಬಂತೆಂದರೆ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ಹೆದ್ದಾರಿಯ ಬದಿಗೆ ತೂಗು ಹಾಕಿ ಕೂರುತ್ತಿದ್ದಳು. ಅವಳು ಒಂದು ಕೂಗು ಹಾಕಿದರೆ ಭಟ್ಕಳದ ಕಡೆ ಹೊರಟ ಲಾರಿಯೂ ನಿಲ್ಲುತ್ತಿತ್ತು. ಆ ಸ್ವರವೇ ಅವಳ ಬಂಡವಾಳ. ಮನೆಗೆ ಸೊಸೆ ಬಂದ ಮೇಲೆ ಅದೇ ಸ್ವರ ಚಾಟಿಯಾಯಿತು.

ವಿನುತಾ ಹೊನ್ನಾವರದ ಹುಡುಗಿ. ತಂದೆ ಕೃಷ್ಣಾನಂದ ಪೇಟೆಯಲ್ಲಿ ರೇಡಿಯೋ, ಟೇಪು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಗಂಡು ಮಕ್ಕಳಿಲ್ಲದ ಅವರು ಮಗಳಿಗೇ ಬೆಸುಗೆ ಹಾಕುವುದು ಕಲಿಸಿದ್ದರು. ಹದಿನಾರು ತುಂಬುವುದರೊಳಗೆ ಸತ್ತ ರೇಡಿಯೋದ ಹೊಟ್ಟೆ ಬಿಚ್ಚಿ ಅದಕ್ಕೆ ಸ್ವರ ಬರಿಸುವಷ್ಟು ಕೈ ಪಳಗಿತ್ತು. ಮದುವೆಯಾಗಿ ಬರುವಾಗ ಸೀರೆಯ ಪೆಟ್ಟಿಗೆಯ ಜೊತೆಗೆ ಒಂದು ತಗಡಿನ ಪೆಟ್ಟಿಗೆ: ಬೆಸುಗೆ ಕಡ್ಡಿ, ಇಕ್ಕಳ, ಮೀಟರು. “ಇದೆಂತದು? ನಮ್ಮನೆಗೆ ಬಂದದ್ದು ಸೊಸೆಯಾ, ಮೆಕ್ಯಾನಿಕ್ಕಾ?” ಎಂದು ದುರ್ಗಿ ಮೊದಲ ದಿನವೇ ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದ್ದಳು. ಅಲ್ಲಿಂದ ಶುರು. ಸಾರು ನೀರಾದರೆ ಬೈಗುಳ, ಗಟ್ಟಿಯಾದರೆ ಬೈಗುಳ... ನಕ್ಕರೆ ತಪ್ಪು, ಅತ್ತರೆ ಅಪಶಕುನ. ಶ್ರೀಧರ ಕುಮಟೆಯ ಹಂಚಿನ ಅಂಗಡಿಯೊಂದರಲ್ಲಿ ಗುಮಾಸ್ತ, ಒಳ್ಳೆಯವನು. ಒಳ್ಳೆಯತನವೆಂದರೆ “ಹೋಗ್ಲಿ ಬಿಡು” ಎನ್ನುವುದು ಅಂದುಕೊಂಡವನು.

ದುರ್ಗಿಯ ಸ್ವರ ಹೋದ ಮೇಲೆ ಪಕ್ಕದ ಮನೆಯ ಹೆಂಗಸು ಬಾವಿಕಟ್ಟೆಯಲ್ಲಿ ವಿನುತಾಳ ಕಿವಿಯಲ್ಲಿ ಉಸುರಿದ್ದಳು, “ದೇವ್ರು ಕಣ್ಬಿಟ್ಟ ನೋಡು. ಇನ್ನಾದ್ರೂ ನೀ ನೆಮ್ಮದಿಲಿರು.” ಛೇ, ಹಾಗನ್ನಬೇಡಿ ಎಂದು ಬಾಯಿ ಹೇಳಿತ್ತು. ಆದರೆ ಸುಳ್ಳೇಕೆ? ಆ ಮೌನದಲ್ಲಿ ವಿನುತಾಳಿಗೆ ಮೊದಮೊದಲು ಹಾಯೆನ್ನಿಸಿದ್ದು ನಿಜ. ಹಾಯೆನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿದ್ದೂ ನಿಜ.

ಆ ಬಟ್ಟಲು ಬಿದ್ದ ವಾರವೇ ಆಸ್ಪತ್ರೆಗೆ ಹೋಗುವುದಿತ್ತು. ಅಲ್ಲಿ ಮಾತು ಕಲಿಸುವ ವಿಭಾಗದ ಮಾಲತಿ ಮೇಡಂ ಒಂದು ಯಂತ್ರ ತೋರಿಸಿದರು. ಸಣ್ಣ ಟಾರ್ಚಿನಷ್ಟು ಉದ್ದ. ಗುಂಡಿ ಒತ್ತಿ ಕೊರಳಿಗೆ ಇಟ್ಟರೆ ಝುಂಯ್ ಎಂದು ಕಂಪಿಸುತ್ತದೆ. ಆ ಕಂಪನ ಚರ್ಮದ ಮೂಲಕ ಬಾಯಿಯೊಳಗೆ ಹೋಗುತ್ತದೆ. ನಾಲಿಗೆ, ತುಟಿ ಆಡಿಸಿದರೆ ಅದೇ ಮಾತಾಗುತ್ತದೆ.

“ಹೊರದೇಶದ್ದು. ತರಿಸಲು ತಿಂಗಳುಗಟ್ಟಲೆ ಆಗುತ್ತದೆ,” ಎಂದು ಅವರು ಬೆಲೆಯನ್ನೂ ಹೇಳಿದರು. ಶ್ರೀಧರ ತಲೆ ತಗ್ಗಿಸಿದ. ವಿನುತಾಳ ಕಣ್ಣು ಮಾತ್ರ ಆ ಯಂತ್ರದ ಮೇಲಿಂದ ಕದಲಲಿಲ್ಲ.

“ಮೇಡಂ... ಇದನ್ನ ಬಿಚ್ಚಿ ನೋಡಬಹುದಾ?”

ಮಾಲತಿ ಮೇಡಂ ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಕಪಾಟಿನ ಮೂಲೆಯಿಂದ ಇನ್ನೊಂದನ್ನು ತೆಗೆದರು. “ಇದು ಕೆಟ್ಟು ಎರಡು ವರ್ಷವಾಯಿತು. ಸರಿ ಮಾಡುವವರು ಇಲ್ಲಿ ಯಾರೂ ಇಲ್ಲ. ತಗೊಂಡು ಹೋಗಿ ನೋಡಿ.”

ಮನೆಗೆ ಬಂದು ವಿನುತಾ ಏಣಿ ಹಾಕಿ ಅಟ್ಟ ಹತ್ತಿದಳು. ತಗಡಿನ ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಗುದ್ದಿ ಒಡೆದಳು. ಶ್ರೀಧರ ಕೆಳಗೆ ಏಣಿ ಹಿಡಿದು ನಿಂತಿದ್ದ.

“ಆಲೋಚನೆ ಮಾಡಿದ್ಯಾ ವಿನುತಾ?” ಎಂದ ತಗ್ಗಿದ ದನಿಯಲ್ಲಿ. “ಸ್ವರ ಬಂದ ಮೇಲೆ ಮತ್ತೆ ಮೊದ್ಲಿನ ಹಾಂಗೇ ಬೈದ್ರೆ?”

“ಬೈದ್ರೆ ಬೈಲಿ. ಬೈಯೂದಾದ್ರೂ ಕೇಳ್ತದೆ. ಅವ್ರು ಸದ್ದಿಲ್ದೆ ಅಳೂದು ನೋಡೂಕೆ ಆಗೂದಿಲ್ಲ ನಂಗೆ...”

ಯಂತ್ರದ ಹೊಟ್ಟೆಯಲ್ಲಿದ್ದದ್ದು ಅವಳಿಗೆ ಗುರುತಿರುವ ಸಾಮಾನುಗಳೇ. ಒಂದು ತಂತಿಯ ಸುರುಳಿ, ಒಂದು ಅಯಸ್ಕಾಂತ, ಸೆಕೆಂಡಿಗೆ ನೂರು ಸಲ ಹಿಂದೆಮುಂದೆ ಹಾರಿ ತೆಳ್ಳನೆಯ ಮುಚ್ಚಳವನ್ನು ಬಡಿಯುವ ಒಂದು ಮೊಳೆ. ಸುರುಳಿ ಸುಟ್ಟು ಕರಿಯಾಗಿತ್ತು. ಅಂಥದ್ದು ಇಲ್ಲಿ ಸಿಗುವಂತಿರಲಿಲ್ಲ. ಹಾಗಾದರೆ ಹೊಸತನ್ನೇ ಮಾಡಬೇಕು! ಹೊನ್ನಾವರಕ್ಕೆ ಹೋಗಿ ತಂದೆಯ ಮುಚ್ಚಿದ ಅಂಗಡಿಯಿಂದ ಹಳೆಯ ಟೆಲಿಫೋನಿನ ಸುರುಳಿ, ಕಂಪನದ ವೇಗ ಹಿಡಿಯುವ ಎಂಟು ಕಾಲಿನ ಒಂದು ಐಸಿ ಚಿಪ್ಪು, ಕಾಲಿಂಗ್ ಬೆಲ್ಲಿನ ಗುಂಡಿ ತಂದಳು. ಟಾರ್ಚಿನ ಕೊಳವೆಯೇ ಮೈಯಾಯಿತು. ಹಿತ್ತಿಲ ಸೌದೆಕೊಟ್ಟಿಗೆಯಲ್ಲಿ ಒಂದು ಮಣೆ ಹಾಕಿಕೊಂಡು ಕೂತಳು. ಮೊದಲನೆಯದು ಕೈ ಸುಡುವಷ್ಟು ಬಿಸಿಯಾಯಿತು. ಎರಡನೆಯದು ಬಡಬಡನೆ ಸದ್ದು ಮಾಡಿ ಮುಚ್ಚಳವನ್ನೇ ಒಡೆಯಿತು. ಮೂರನೆಯದು ಝುಂಯ್ ಎಂದಾಗ ಅವಳ ಕಣ್ಣಲ್ಲಿ ನೀರು ಬಂತು. ಓಡಿ ಹೋಗಿ ಅತ್ತೆಯ ಕೊರಳಿಗೆ ಇಟ್ಟಳು.

“ಬಾಯಿ ಆಡ್ಸಿ ಅತ್ತೆ. ಎಂತಾದ್ರೂ ಹೇಳಿ!”

ದುರ್ಗಿ ಬಾಯಿ ಆಡಿಸಿದಳು. ಝುಂಯ್ ಎಂಬ ಸದ್ದಲ್ಲದೆ ಇನ್ನೇನೂ ಬರಲಿಲ್ಲ. ಹುಣ್ಣು ಮರುಕಳಿಸದಿರಲೆಂದು ಆಸ್ಪತ್ರೆಯಲ್ಲಿ ವಿಕಿರಣದ ‘ಕರೆಂಟು’ ಕೊಟ್ಟ ಕೊರಳು ಮರದ ತೊಗಟೆಯಂತೆ ಗಟ್ಟಿಯಾಗಿತ್ತು. ಕಂಪನ ಒಳಗೆ ಹೋಗಲೇ ಇಲ್ಲ. ವಿನುತಾ ಎಡಕ್ಕೆ ಇಟ್ಟಳು, ಬಲಕ್ಕೆ ಇಟ್ಟಳು... ಝುಂಯ್, ಝುಂಯ್! ಬೇಲಿಯ ಆಚೆ ಯಾರೋ ಕಿಸಕ್ಕನೆ ನಕ್ಕರು. ದುರ್ಗಿಯ ಮುಖ ಕೆಂಪಾಯಿತು. ಯಂತ್ರವನ್ನು ಕಿತ್ತು ಅಂಗಳಕ್ಕೆ ಎಸೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಲ್ಲಿಗೆ ಮುಗಿಯಿತೆಂದು ಬೇರೆಯವರಾದರೆ ಕೈಬಿಡುತ್ತಿದ್ದರೇನೋ. ವಿನುತಾ ಅದನ್ನು ಹೆಕ್ಕಿ ತಂದು ಮತ್ತೆ ಬೆಸೆದಳು. ತಪ್ಪು ಯಂತ್ರದ್ದೋ, ಕೊರಳಿನದ್ದೋ ತಿಳಿಯಬೇಕಲ್ಲ? ತನ್ನ ಕೊರಳಿಗೇ ಇಟ್ಟುಕೊಂಡು ನೋಡುವುದೆಂದು ನಿಶ್ಚಯಿಸಿದಳು. ಉಸಿರು ಬಿಗಿಹಿಡಿದು, ತನ್ನ ಸ್ವರ ಚೂರೂ ಹೊರಬರದಂತೆ ಬರೀ ಬಾಯಿ ಆಡಿಸಬೇಕು. ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಳೆಂದು ನೋಡಿಕೊಂಡು ಸೌದೆಕೊಟ್ಟಿಗೆಯಲ್ಲಿ ಕೂತು ಗುಂಡಿ ಒತ್ತಿದಳು. ಒಂದು... ಎರಡು... ಮೂರು... ತಗಡಿನ ಡಬ್ಬದೊಳಗಿಂದ ಬಂದಂಥ ಮಾತು. ತನ್ನದಲ್ಲದ ಸ್ವರ. ಯಾರದೂ ಅಲ್ಲದ ಸ್ವರ! ಇನ್ನಷ್ಟು ಹೇಳೋಣವೆನ್ನಿಸಿತು. ಏನು ಹೇಳುವುದು? ಆಗ, ಏಳು ವರ್ಷ ಎದೆಯೊಳಗೆ ಕಲ್ಲಾಗಿ ಕೂತಿದ್ದದ್ದು ತಾನಾಗಿಯೇ ತುಟಿಗೆ ಬಂತು.

“ಅತ್ತೆ, ನನ್ನಪ್ಪ ಅಷ್ಟಮಿ ದಿವ್ಸ ನನ್ನ ನೋಡೂಕೆ ಬಂದಿದ್ರು... ನಮ್ಮನೆ ರೇಡಿಯೋ ಸರಿ ಮಾಡ್ಕೊಟ್ರು. ನೀವು ಜಗಲಿಲಿ ನಿಂತು, ಮಗಳ ಮನೇಲಿ ಉಂಡು ಹೋಗೂಕೆ ಬಂದ್ಯನಾ, ನಾಚ್ಕೆ ಇಲ್ವನಾ ಅಂದ್ರಿ. ಎಲೆ ಹಾಕಿ ಆಗಿತ್ತು ಅತ್ತೆ... ನಾನು ಉಂಡ್ಕಂಡೇ ಬಂದೆ ಮಗಾ ಅಂತ ಸುಳ್ಳು ಹೇಳಿ, ಆ ಮಳೇಲಿ ಹಂಗೇ ವಾಪಸ್ ಹೋದ್ರು. ಮತ್ತೆ ಬರ್ಲಿಲ್ಲ. ಮೂರು ತಿಂಗ್ಳಿಗೆ ಸತ್ತೇ ಹೋದ್ರು... ಎಂತಕ್ಕೆ ಹಾಂಗೆ ಮಾಡಿದ್ರಿ? ನಿಮ್ಗೆ ಅವ್ರು ಎಂತ ಮಾಡಿದ್ರು?”

ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಯಂತ್ರಕ್ಕೆ ಅಳು ಗೊತ್ತಿರಲಿಲ್ಲ. ಅದು ಒಂದೊಂದು ಅಕ್ಷರವನ್ನೂ ಒಂದೇ ಸಮನೆ, ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಹೇಳಿತು. ಗುಂಡಿ ಬಿಟ್ಟು ಕಣ್ಣೊರೆಸಿಕೊಂಡು ತಿರುಗಿದಳು.

ಬಾಗಿಲಲ್ಲಿ ದುರ್ಗಿ ನಿಂತಿದ್ದಳು!

ವಿನುತಾಳ ಕೈಯಿಂದ ಯಂತ್ರ ಜಾರಿತು. ಎಷ್ಟು ಹೊತ್ತಿಂದ ನಿಂತಿದ್ದಳೋ! ಆ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಬಿಳಿಚಿ ಹೋಗಿತ್ತು, ಅಷ್ಟೇ. ಕೊರಳಿನ ತೂತಿಗೆ ಹೊದಿಸಿದ್ದ ಬಟ್ಟೆ ಬೇಗಬೇಗ ಮೇಲೆ ಕೆಳಗೆ ಆಗುತ್ತಿತ್ತು. ಒಂದು ಗಳಿಗೆ ಸೊಸೆಯನ್ನು ನೋಡಿ, ಅವಳು ತಿರುಗಿ ಹೋದಳು.

ಯಂತ್ರ ಮಾತಾಡಿತ್ತು. ಕೇಳಿದವಳಿಗೆ ಒಂದಕ್ಷರ ಬಿಡದೆ ಅರ್ಥವೂ ಆಗಿತ್ತು... ಆದರೆ ಅಂಥ ಗೆಲುವು ಯಾರಿಗೆ ಬೇಕಿತ್ತು?

ಮೂರು ದಿನ ದುರ್ಗಿ ಕೋಣೆ ಬಿಟ್ಟು ಬರಲಿಲ್ಲ. ತೆಳಿ ಇಟ್ಟರೆ ಅರ್ಧ ಕುಡಿದು ಇಡುತ್ತಿದ್ದಳು. ಸೊಸೆಯ ಮುಖ ನೋಡುತ್ತಿರಲಿಲ್ಲ. ವಿನುತಾ ಗಂಡನ ಮುಂದೆ ಬಿಕ್ಕಿದಳು. “ರೋಗ ಬಂದು ಕೂತವ್ರ ಮೇಲೆ ಹಗೆ ತೀರ್ಸ್ಕಂಡಾಂಗೆ ಆತು. ನಾನೆಂತ ಮಾಡಿಬಿಟ್ಟೆ!”

ಶ್ರೀಧರ ತಲೆ ಎತ್ತದೆಯೇ ಹೇಳಿದ, “ಅವತ್ತು ನಾನೂ ಜಗಲಿಲೇ ಇದ್ದೆ. ಮಾವ ಚಪ್ಪಲಿ ಮೆಟ್ಕಂಡು ಹೋಗೂದು ನೋಡ್ತಾ ಇದ್ದೆ. ಒಂದು ಮಾತು ಹೇಳಿದ್ರೆ ನಿಲ್ತಿದ್ರು... ಆಯಿಗೆ ಈಗ ಸ್ವರ ಹೋತು. ನಂಗೆ ಅವತ್ತೇ ಇರ್ಲಿಲ್ಲ.” ಅವನು ಹೆಂಡತಿಯ ಎದುರು ಮೊದಲ ಸಲ ಅತ್ತ.

ನಾಲ್ಕನೆಯ ದಿನ ಬೆಳಗ್ಗೆ ವಿನುತಾ ಕೊಟ್ಟಿಗೆಯಲ್ಲಿ ಸಾಮಾನು ಎತ್ತಿಡುತ್ತಿದ್ದಳು. ಹಿಂದೆ ಹೆಜ್ಜೆಯ ಸದ್ದಾಯಿತು. ದುರ್ಗಿ ಬಂದು ಎದುರಿನ ಕೊರಡಿನ ಮೇಲೆ ಕೂತಳು. ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಗದ್ದ ಎತ್ತಿದಳು. ಸೊಸೆಯ ತೋರುಬೆರಳು ಹಿಡಿದು ತನ್ನ ಕೊರಳಿನ ಮೇಲೆ ಇಟ್ಟಳು. ಕುರುಡರು ದಾರಿ ತಡವುವಂತೆ ಮೆಲ್ಲಗೆ ಸರಿಸುತ್ತ ಹೋದಳು. ಗಟ್ಟಿ... ಗಟ್ಟಿ... ಇಲ್ಲೂ ಗಟ್ಟಿ... ದವಡೆಯ ಕೆಳಗೆ, ಗದ್ದದ ಎಡಬದಿಗೆ, ಹೆಬ್ಬೆಟ್ಟಿನಷ್ಟು ಜಾಗ ಮೆತ್ತಗಿತ್ತು! ಏಳು ವರ್ಷದಲ್ಲಿ ಆ ಮೈಯನ್ನು ವಿನುತಾ ಹೀಗೆ ಮುಟ್ಟಿರಲಿಲ್ಲ. ಯಂತ್ರವನ್ನು ಅಲ್ಲಿಗೆ ಒತ್ತಿ ಗುಂಡಿ ಅದುಮಿದಳು.

“ವಿ... ನು... ತಾ.”

ಕೇಳಿತು! ಇಬ್ಬರೂ ಬೆಚ್ಚಿದರು. ದುರ್ಗಿ ಸೊಸೆಯ ಕೈಯಿಂದ ಯಂತ್ರವನ್ನು ತಾನೇ ಹಿಡಿದಳು. ಒಂದೊಂದೇ ಮಾತನ್ನು ಬಾಯಿ ಅಗಲಿಸಿ ಹೇಳತೊಡಗಿದಳು.

“ನಿನ್ನಪ್ಪಂಗೆ ಊಟ ಹಾಕ್ದೆ ಕಳ್ಸಿದ್ದು ನಾನು. ಹೌದು.”

“ಅತ್ತೆ, ಬೇಡ... ಅದು ಸುಮ್ನೆ...”

“ಕೇಳು. ಅವ್ನು ರೇಡಿಯೋ ಬಿಚ್ಚಿಟ್ಕಂಡು ಕೂತಿದ್ದ. ನೀ ಪಕ್ಕದಲ್ಲಿ ಕೂತು ನಗ್ತಾ ಇದ್ದೆ. ನಮ್ಮನೇಲಿ ನೀ ಒಂದ್ ದಿವ್ಸ ಹಂಗೆ ನಕ್ಕಿರ್ಲಿಲ್ಲ. ನಂಗೆ ಹೊಟ್ಟೆ ಉರೀತು. ಅಷ್ಟೇಯ. ಬೇರೆ ಎಂತದೂ ಅಲ್ಲ.” ಅವಳು ಉಸಿರು ತೆಗೆದುಕೊಂಡಳು. “ಅವ್ನು ಸತ್ತ ಸುದ್ದಿ ಬಂದಾಗ ಹೇಳ್ವ ಅಂದ್ಕಂಡೆ. ಸ್ವರ ಇತ್ತು. ಹೇಳ್ಲಿಲ್ಲ. ನಂದು ತಪ್ಪಾತು ಮಗಾ...”

ತಗಡಿನ ಸ್ವರದಲ್ಲಿ ಬಂದ ಆ ‘ಮಗಾ’ ಎಂಬ ಮಾತಿಗೆ ವಿನುತಾ ಕುಸಿದು ಅತ್ತೆಯ ಮಡಿಲಿಗೆ ತಲೆ ಇಟ್ಟು ಗೊಳೋ ಎಂದು ಅತ್ತಳು. ಸದ್ದಿಲ್ಲದೆ ಅಳುತ್ತಿದ್ದವಳ ಪಾಲಿನದ್ದನ್ನೂ ಸೇರಿಸಿ ಅತ್ತಳೋ ಏನೋ! ಎಷ್ಟೋ ಹೊತ್ತಿನ ಮೇಲೆ ತಲೆಯ ಮೇಲೆ ಮತ್ತೆ ಝುಂಯ್ ಎಂದಿತು.

“ಇದು ಗಂಡಸ್ರ ಸ್ವರ ಆತು. ನಂದು ಹಿಂಗಿರ್ಲಿಲ್ಲ.”

ವಿನುತಾ ಮೂಗೊರೆಸಿಕೊಂಡು ಸಣ್ಣ ತಿರುಪುಳಿ ತೆಗೆದು ತಿರುಪುಮೊಳೆಯೊಂದನ್ನು ತಿರುಗಿಸಿದಳು. “ಇಷ್ಟು ಸಾಕಾ?”

“ಇನ್ನೂ ಮೇಲೆ.”

“ಈಗ?”

“ಹಾಂ. ಈಗ ನಾನು.”

ಮಾರನೆಯ ದಿನವೇ ಅತ್ತೆ ಸೊಸೆ ಹೊನ್ನಾವರದ ಬಸ್ಸು ಹತ್ತಿದರು. ಬೇಡ, ಅಪ್ಪನ ಮನೆಗೆ ಈಗ ಬೇಡ ಎಂದು ವಿನುತಾ ಎಷ್ಟು ಹೇಳಿದರೂ ದುರ್ಗಿ ಕೇಳಲಿಲ್ಲ. ಕಂಡಕ್ಟರ್ ಬಂದಾಗ ತಾನೇ ಯಂತ್ರ ಹಿಡಿದು “ಹೊನ್ನಾವರ ಎರಡು” ಎಂದಳು. ಇಡೀ ಬಸ್ಸು ತಿರುಗಿ ನೋಡಿತು. ಅವಳು ಕಿಟಕಿಯ ಹೊರಗೆ ನೋಡುತ್ತ ನೆಟ್ಟಗೆ ಕೂತಳು.

ವಿನುತಾಳ ತಾಯಿ ಮೂಕಾಂಬಿಕಾ ಬಾಗಿಲು ತೆರೆದು ಬೀಗಿತ್ತಿಯನ್ನು ಕಂಡು ಕಲ್ಲಾಗಿ ನಿಂತಳು. ಆ ಮಳೆಯ ದಿನ ಗಂಡ ಹಸಿದು ಮನೆಗೆ ಬಂದಾಗ ತಣ್ಣನೆಯ ಅನ್ನ ಬಡಿಸಿದವಳು ಅವಳೇ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ದುರ್ಗಿ ಹೊಸಿಲಿನ ಹೊರಗೇ ಕೂತಳು. ಗದ್ದ ಎತ್ತಿ ಯಂತ್ರ ಒತ್ತಿದಳು.

“ನಂಗೆ ಒಂದು ತುತ್ತು ಊಟ ಹಾಕ್ತ್ಯನೇ ಮೂಕಾಂಬಿಕಾ? ಹಾಕ್ದಿದ್ರೆ ಹಂಗೇ ಹೋಗ್ತೆ. ಹಂಗೇ ಹೋಗೂದು ಹೇಗೆ ಅಂತ ನಂಗೂ ಗೊತ್ತಾಗ್ಲಿ.”

ಮೂಕಾಂಬಿಕಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಒಂದು ನಿಮಿಷ... ಎರಡು ನಿಮಿಷ... ಒಳಗೆ ಪಾತ್ರೆಯ ಸದ್ದಾಯಿತು.

“ಅವ್ರನ್ನ ಒಳಗೆ ಕರ್ಕಂಡು ಬಾ ವಿನುತಾ,” ಅಡುಗೆಮನೆಯಿಂದ ಒಡೆದ ದನಿ ಕೇಳಿತು. “ಅನ್ನ ಗಟ್ಟಿ ಆಗಿದೆ. ಇಳೀತದಾ ಕೇಳು... ಇಲ್ಲಾಂದ್ರೆ ಕಿವುಚಿ ಕೊಡ್ತೆ.”

ಆ ಊಟದಲ್ಲಿ ಯಾರೂ ಕ್ಷಮೆಯ ಮಾತಾಡಲಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಯಂತ್ರ ಹಿಡಿಯಲಾಗದೆ ದುರ್ಗಿ ಸುಮ್ಮನೆ ಉಂಡಳು. ಮೂಕಾಂಬಿಕಾ ಎದುರು ಕೂತು, ಅವಳ ಬಟ್ಟಲು ಬರಿದಾಗದಂತೆ ನೋಡಿಕೊಂಡಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ದುರ್ಗಿಯ ಮಾತು ಕೇಳಿದ ಮಾಲತಿ ಮೇಡಂ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಂಥದ್ದು ಇನ್ನೊಂದು ಮಾಡಿಕೊಡುತ್ತೀರಾ?” ಎಂದರು. ಒಂದು ನಾಲ್ಕಾಯಿತು, ನಾಲ್ಕು ಹದಿನೈದಾಯಿತು. ಎರಡು ವರ್ಷದಲ್ಲಿ ಸೌದೆಕೊಟ್ಟಿಗೆಗೆ ಸಿಮೆಂಟಿನ ನೆಲವಾಯಿತು, ಶ್ರೀಧರ ತಾನೇ ನಿಂತು ಕಿಟಕಿ ಇಡಿಸಿದ. ಭಟ್ಕಳದಿಂದ, ಶಿರಾಲಿಯಿಂದ ಕೊರಳಿಗೆ ಬಟ್ಟೆ ಸುತ್ತಿಕೊಂಡವರು ಹೊಳನಗದ್ದೆಯ ದಾರಿ ಕೇಳಿಕೊಂಡು ಬರತೊಡಗಿದರು. ಯಂತ್ರ ಮಾಡುವವಳು ವಿನುತಾ. ಅದನ್ನು ಹಿಡಿಯಲು ಕಲಿಸುವವಳು ದುರ್ಗಿ. ಅವಳ ಬಾಯಿ ಮೊದಲಿನಂತೆಯೇ ಜೋರು. ಈಗಲೂ ಸಾರು ನೀರಾದರೆ ಬಿಡುವವಳಲ್ಲ. ಬೈದರೆ ವಿನುತಾಳೂ ತಿರುಗಿ ಮಾತಾಡುತ್ತಿದ್ದಳು. ಅದೇ ವ್ಯತ್ಯಾಸ.

ಎರಡು ಸಾವಿರದ ನಾಲ್ಕರ ಒಂದು ಬೆಳಗ್ಗೆ ಅಘನಾಶಿನಿ ಊರಿನಿಂದ ಸಣ್ಣ ಎಂಬ ದೋಣಿಯವನು ಹೆಂಡತಿಯ ಜೊತೆ ಬಂದ. ಶಸ್ತ್ರಚಿಕಿತ್ಸೆಯಾಗಿ ಹನ್ನೊಂದು ತಿಂಗಳು. ತಲೆ ತಗ್ಗಿಸಿ ಜಗಲಿಯ ತುದಿಯಲ್ಲಿ ಕೂತಿದ್ದ. ಮನೆಯಲ್ಲಿ ಊಟಕ್ಕೂ ಏಳುವುದಿಲ್ಲ, ದೋಣಿಯ ಕಡೆ ತಲೆ ಹಾಕುವುದಿಲ್ಲ ಎಂದು ಹೆಂಡತಿ ಹೇಳಿಕೊಂಡಳು. ದುರ್ಗಿ ಅವನ ಕೊರಳು ತಡವಿ ಮೆತ್ತನೆಯ ಜಾಗ ಹುಡುಕಿ, ಅವನ ಕೈಗೆ ಯಂತ್ರ ಕೊಟ್ಟಳು. ಅವನು ಒತ್ತಿದ. ಝುಂಯ್... ಝುಂಯ್... ಮಾತಿಲ್ಲ. ಕಣ್ಣು ತುಂಬಿ ಯಂತ್ರ ಕೆಳಗಿಡಲು ಹೊರಟ.

ದುರ್ಗಿ ತನ್ನ ಯಂತ್ರ ಗದ್ದಕ್ಕೆ ಒತ್ತಿ ಗದರಿದಳು. “ಬಾಯಿ ಬಿಡು ಮಾರಾಯ! ತುಟಿ ಮುಚ್ಕಂಡ್ರೆ ಅದೆಂತ ಮಾಡ್ತದೆ? ಮಾತಾಡೂದು ಮಿಷಿನ್ ಅಲ್ಲ, ನೀನು!”

ಸಣ್ಣ ಬೆಚ್ಚಿ ಅವಳನ್ನು ನೋಡಿದ. ಬಾಯಿ ಅಗಲಿಸಿದ. ಹೆಂಡತಿಯ ಕಡೆ ತಿರುಗಿದ.

“ಹೊ... ನ್ನಿ.”

ಅವಳು ಎದ್ದು ನಿಂತಳು. “ಎಂತ ಅಂದ್ರಿ? ಇನ್ನೊಂದ್ಸಲ...”

“ಹೊನ್ನಿ. ಹೊನ್ನೀ!”

ಅವಳು ನಗುತ್ತ, ಅಳುತ್ತ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಅವನು ನಿಲ್ಲಿಸಲಿಲ್ಲ. ದೋಣಿಯ ಹಗ್ಗ ಯಾರು ಕಟ್ಟಿದ್ದಾರೆ ಎಂದ. ತಮ್ಮ ಬಂದಿದ್ದನಾ ಎಂದ. ಸಾರಿಗೆ ಹುಳಿ ಕಡಿಮೆ ಹಾಕುತ್ತೀ ಎಂದ. ಹೊರಟು ಗದ್ದೆಯ ಬದುವಿನ ಹಾಳಿಯ ಮೇಲೆ ಬಸ್ಸಿಗೆ ನಡೆಯುವಾಗಲೂ ಅವನ ಝೇಂಕಾರ ದೂರದವರೆಗೆ ಕೇಳುತ್ತಲೇ ಇತ್ತು.

“ಸಾಕು ಮಾರಾಯ್ರೆ, ಬ್ಯಾಟ್ರಿ ಮುಗ್ದು ಹೋಗ್ತದೆ!” ಎಂದು ಹೊನ್ನಿ ರೇಗುವುದೂ ಕೇಳಿತು.

ಜಗಲಿಯಲ್ಲಿ ನಿಂತು ನೋಡುತ್ತಿದ್ದ ದುರ್ಗಿ ಸೊಸೆಯ ಕಡೆ ತಿರುಗಿ ಯಂತ್ರ ಒತ್ತಿದಳು.

“ಹನ್ನೊಂದು ತಿಂಗ್ಳ ಮಾತು ಅದೆ ಅವ್ನ ಹತ್ರ. ಒಂದು ಬ್ಯಾಟ್ರಿ ಎಲ್ಲಿ ಸಾಲ್ತದೆ?”

ವಿನುತಾ ನಗುತ್ತ ಒಳಗೆ ಓಡಿದಳು. ಕಪಾಟಿನಿಂದ ಇನ್ನೊಂದು ಬ್ಯಾಟರಿ ಹಿಡಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೋಯ್, ನಿಲ್ಲಿ! ನಿಲ್ಲಿ!” ಎಂದು ಕೂಗುತ್ತ ಗದ್ದೆಯ ಹಾಳಿಯ ಮೇಲೆ ಅವರ ಹಿಂದೆ ಓಡಿದಳು.